ನಿಂತಾಗ ಒಂದು ರೋಗ, ಏರಿನಲ್ಲಿ ಇನ್ನೊಂದು: ಕಾದು ಕುದಿಯುತ್ತಿದ್ದ ಎಂಜಿನ್ನಿನ ದುರಸ್ತಿ ದಾಖಲೆ

ಹದಿನಾರು ವರ್ಷ ಹಳೆಯದಾದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಕಡುಬೇಸಿಗೆಯಲ್ಲಿ ಕುದಿದು ನಿಂತ ಮೇಲೆ ಅದನ್ನು ಸರಿಪಡಿಸಲು ನನಗೆ 23 ದಿನಗಳು ಹಿಡಿದವು. ಅಷ್ಟು ದಿನ ಹಿಡಿಯುವ ಕೆಲಸವೇನೂ ಅದಾಗಿರಲಿಲ್ಲ. ಮೊದಲ ವಾರವೆಲ್ಲ ನಾನು ಅಳೆಯದೆ ಬಿಚ್ಚಿದೆ, ಕೇಳಿದ ಮಾತನ್ನು ನಂಬಿ ಬದಲಿಸಿದೆ, ಎಲ್ಲಕ್ಕಿಂತ ಮಿಗಿಲಾಗಿ ಎರಡು ಬೇರೆ ಬೇರೆ ದೋಷಗಳನ್ನು ಒಂದೇ ಎಂದು ಭಾವಿಸಿದೆ. ಕೆಲಸದ ನಡುವೆ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ, ತಪ್ಪುಗಳನ್ನು ತೆಗೆದುಹಾಕಿಲ್ಲ.

ಕಾರಿನಲ್ಲಿರುವುದು ತಾಮ್ರ ಮತ್ತು ಹಿತ್ತಾಳೆಯ ರೇಡಿಯೇಟರ್. ಮೇಲಿನ ತೊಟ್ಟಿಯಿಂದ ಕೆಳಗಿನ ತೊಟ್ಟಿಗೆ ಕೊಳವೆಗಳ ಮೂಲಕ ಕೂಲಂಟ್, ಅಂದರೆ ಎಂಜಿನ್ನಿನ ಬಿಸಿಯನ್ನು ಹೊತ್ತೊಯ್ಯುವ ದ್ರವ, ಇಳಿಯುವ ಬಗೆಯದು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಫ್ಯಾನು ಒಂದೇ, ವಿದ್ಯುತ್ತಿನದು. ರೇಡಿಯೇಟರಿಗೆ ಕೂರಿಸಿದ ಥರ್ಮೋ ಸ್ವಿಚ್ಚು ಅದನ್ನು 92 ಡಿಗ್ರಿಯಲ್ಲಿ ಚಾಲನೆ ಮಾಡಿ 87 ಡಿಗ್ರಿಯಲ್ಲಿ ನಿಲ್ಲಿಸುತ್ತದೆ. ಎಂಜಿನ್ ಮತ್ತು ರೇಡಿಯೇಟರ್ ಸೇರಿ 5.6 ಲೀಟರ್ ಕೂಲಂಟ್ ಹಿಡಿಯುತ್ತದೆ. ಮುಂದೆ ಬರುವ ಎಲ್ಲ ಉಷ್ಣತೆಗಳೂ ಸೆಲ್ಸಿಯಸ್ ಅಳತೆಯವು.

ದಿನ 1: ಕುದಿತ

ಹೊರಗೆ 42 ಡಿಗ್ರಿ. ಒಂಬತ್ತು ಕಿಲೋಮೀಟರಿನ ಏರುದಾರಿಯನ್ನು ಎರಡನೆಯ ಮತ್ತು ಮೂರನೆಯ ಗೇರಿನಲ್ಲಿ ಹತ್ತಿ, ಮೇಲೆ ಸಾಲುಗಟ್ಟಿ ನಿಂತಿದ್ದ ವಾಹನಗಳ ಹಿಂದೆ ಎಸಿ ಹಾಕಿಕೊಂಡೇ ನಿಂತೆ. ಐದು ನಿಮಿಷದೊಳಗೆ ಉಷ್ಣತೆಯ ಮುಳ್ಳು ನಡುವಿನಿಂದ ಕೆಂಪು ಗೆರೆಗೆ ನೆಗೆಯಿತು. ಮುಳ್ಳು ಏರುತ್ತಿರುವುದು ಕಣ್ಣಿಗೆ ಬೀಳುವ ಮೊದಲೇ ರಿಸರ್ವ್ ಟ್ಯಾಂಕಿನಿಂದ ಹಬೆ ಬಂದಿತ್ತು. ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಗಾಡಿಯನ್ನು ಬದಿಗೆ ತಂದು ಎಂಜಿನ್ ನಿಲ್ಲಿಸಿದೆ. ಹೀಟರಿನೊಳಗಿರುವುದೂ ಒಂದು ಪುಟ್ಟ ರೇಡಿಯೇಟರೇ ಆದ್ದರಿಂದ ಅಂಥ ಹೊತ್ತಿನಲ್ಲಿ ಅದು ಸ್ವಲ್ಪ ಬಿಸಿಯನ್ನು ಎಳೆದುಕೊಳ್ಳುತ್ತದೆ, ಒಳಗೆ ಕುಳಿತವರು ಬೆಂದರೂ ಚಿಂತೆಯಿಲ್ಲ.

ಐವತ್ತು ನಿಮಿಷ ಕಾದು, ಮೇಲಿನ ಹೋಸನ್ನು ಕೈಯಿಂದ ಹಿಡಿಯುವಷ್ಟು ಆರಿದ ನಂತರ, ದಪ್ಪ ಬಟ್ಟೆ ಹೊದಿಸಿ ರೇಡಿಯೇಟರಿನ ಮುಚ್ಚಳವನ್ನು ಮೊದಲ ಹಂತದವರೆಗೆ ತಿರುಗಿಸಿ ಒತ್ತಡ ಬಿಟ್ಟು, ಆಮೇಲೆ ತೆಗೆದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ. 1.4 ಲೀಟರ್ ಕಡಿಮೆಯಾಗಿತ್ತು. ಕೈಯಲ್ಲಿದ್ದ ಕುಡಿಯುವ ನೀರನ್ನು ಸುರಿದು ನಿಧಾನವಾಗಿ ಮನೆ ಸೇರಿದೆ. ವರ್ಷಗಳಿಂದಲೂ ಹೀಗೆಯೇ ಸಿಕ್ಕ ನೀರನ್ನು ಸುರಿಯುತ್ತಾ ಬಂದವನು ನಾನು. ಅದರ ಲೆಕ್ಕ ಹದಿನಾಲ್ಕನೆಯ ದಿನ ಚುಕ್ತಾ ಆಯಿತು.

ದಿನ 2 ರಿಂದ 4: ಥರ್ಮೋಸ್ಟಾಟ್ ತೆಗೆದ ತಪ್ಪು

ಎಂಜಿನ್ ಕಾಯುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟಿರುವ ಕವಾಟವೇ ಥರ್ಮೋಸ್ಟಾಟ್. ಬಿಸಿ ಪ್ರದೇಶದಲ್ಲಿ ಅದು ಬೇಕಿಲ್ಲ, ಕಿತ್ತೆಸೆದರೆ ನೀರು ಸರಾಗವಾಗಿ ಓಡುತ್ತದೆ ಎಂಬುದು ಗಾಡಿ ಇಟ್ಟುಕೊಂಡವರೆಲ್ಲರೂ ಎಂದಾದರೂ ಕೇಳಿರುವ ಮಾತು. ನನಗೂ ಅದನ್ನೇ ಹೇಳಿದರು, ನಾನೂ ಹಾಗೆಯೇ ಮಾಡಿದೆ. 10 ಮತ್ತು 12 ಮಿಲಿಮೀಟರಿನ ಸ್ಪ್ಯಾನರುಗಳು ಮತ್ತು ಹೊಸ ಗ್ಯಾಸ್ಕೆಟ್ ಒಂದಿದ್ದರೆ ಮುಕ್ಕಾಲು ಗಂಟೆಯ ಕೆಲಸ.

ಫಲಿತಾಂಶ ಎರಡು ದಿನಗಳಲ್ಲಿ ಕಾಣಿಸಿತು. ಬೆಳಗಿನ ಹೊತ್ತು ಖಾಲಿ ರಸ್ತೆಯಲ್ಲಿ ಎಂಜಿನ್ 61 ಡಿಗ್ರಿಗಿಂತ ಮೇಲೆ ಏರಲೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯಿತು; ಮಧ್ಯಾಹ್ನ ಅದೇ ಏರುದಾರಿಯಲ್ಲಿ 108 ಮುಟ್ಟಿತು. ಬೇಕಾದಾಗ ಬಿಸಿಯಿಲ್ಲ, ಬೇಡವಾದಾಗ ತಂಪಿಲ್ಲ. ಕಾರಣ ತಿಳಿದದ್ದು ತೆಗೆದ ಥರ್ಮೋಸ್ಟಾಟನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಅದರ ಕೆಳತುದಿಯಲ್ಲಿ ಇನ್ನೊಂದು ಪುಟ್ಟ ತಟ್ಟೆಯಿದೆ. ಮೇಲಿನ ಬಾಯಿ ತೆರೆದಂತೆ ಆ ತಟ್ಟೆ ಇಳಿದು, ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದಾಗ ಬೈಪಾಸ್ ಸದಾ ತೆರೆದಿರುತ್ತದೆ. ಕಾದ ಕೂಲಂಟಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಎಲ್ಲ ಎಂಜಿನ್ನುಗಳಲ್ಲಿ ಈ ತಟ್ಟೆ ಇರುವುದಿಲ್ಲ, ನನ್ನದರಲ್ಲಿ ಇತ್ತು.

ಆ ಥರ್ಮೋಸ್ಟಾಟ್ ಕೆಟ್ಟಿತ್ತೇ ಎಂಬ ಪ್ರಶ್ನೆಯನ್ನು ತೆಗೆಯುವ ಮೊದಲು ಕೇಳಬೇಕಿತ್ತು. ಹಳೆಯ ಪಾತ್ರೆಯೊಂದರಲ್ಲಿ ನೀರು ತುಂಬಿ, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿದೆ. ಅದರ ಮೇಲೆ ಅಚ್ಚೊತ್ತಿದ್ದುದು 82. ತೆರೆಯಲು ಆರಂಭಿಸಿದ್ದು 82 ಅಥವಾ 83ರಲ್ಲಿ, ಪೂರ್ತಿ ತೆರೆದದ್ದು 95ರಲ್ಲಿ, ಎತ್ತರ 8 ಮಿಲಿಮೀಟರ್. ಏನೂ ದೋಷವಿರಲಿಲ್ಲ. ಅದನ್ನೇ ಮತ್ತೆ ಕೂರಿಸಿದೆ, ಇನ್ನೊಂದು ಗ್ಯಾಸ್ಕೆಟ್ ದಂಡವಾಯಿತು. ಆ ಪಾತ್ರೆಯನ್ನು ಅಡುಗೆಮನೆಯಿಂದ ಶಾಶ್ವತವಾಗಿ ಹೊರಗಿಟ್ಟಿದ್ದೇನೆ.

ದಿನ 5: ಅಳೆಯುವ ವ್ಯವಸ್ಥೆ

ಇಲ್ಲಿಂದ ಮುಂದೆ ಅಳೆಯದೆ ಏನನ್ನೂ ಬಿಚ್ಚುವುದಿಲ್ಲ ಎಂದು ತೀರ್ಮಾನಿಸಿದೆ. ಸಲಕರಣೆಗಳು ಮೂರು: ದೂರದಿಂದಲೇ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್, ಉಷ್ಣತೆ ಅಳೆಯುವ ತಂತಿಯಿರುವ ಮಲ್ಟಿಮೀಟರ್ ಮತ್ತು ಬಾಡಿಗೆಗೆ ತಂದ, ರೇಡಿಯೇಟರಿನ ಬಾಯಿಗೆ ಕೂರಿಸಿ ಗಾಳಿ ಒತ್ತುವ ಕೈ ಪಂಪು.

ಇನ್‌ಫ್ರಾರೆಡ್ ಥರ್ಮಾಮೀಟರ್ ಮೊದಲ ದಿನವೇ ನನ್ನನ್ನು ದಾರಿ ತಪ್ಪಿಸಿತು. ಥರ್ಮೋಸ್ಟಾಟಿನ ಹೊರಕವಚ 58 ಡಿಗ್ರಿ ಎಂದು ತೋರಿಸಿತು, ಅದಕ್ಕೆ ಅಂಟಿಕೊಂಡಿರುವ ರಬ್ಬರ್ ಹೋಸು 89 ಎಂದಿತು. ಕೂಲಂಟ್ ಎಲ್ಲಿಯೋ ಕಟ್ಟಿಕೊಂಡಿದೆ ಎಂದು ಅರ್ಧ ದಿನ ಹುಡುಕಾಡಿದೆ. ದೋಷ ಉಪಕರಣವನ್ನು ಬಳಸಿದ ರೀತಿಯಲ್ಲಿತ್ತು: ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಕಿರಣವಾಗಿ ಹೊರಹಾಕುವುದು ಬಹಳ ಕಡಿಮೆ, ಸುತ್ತಲಿನದನ್ನೇ ಕನ್ನಡಿಯಂತೆ ತೋರಿಸುತ್ತದೆ. ಕರಿಯ ಇನ್ಸುಲೇಶನ್ ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಗುರಿಯಿಟ್ಟಾಗ 88 ಬಂತು.

ಓಡುವಾಗ ಅಳೆಯಲು ಮಲ್ಟಿಮೀಟರಿನ ತಂತಿಯ ತುದಿಯನ್ನು ಅದೇ ಕವಚಕ್ಕೆ ಬಿಗಿದು, ಮೇಲೆ ಸ್ಪಂಜು ಮುಚ್ಚಿ, ಬಾನೆಟ್ಟಿನ ಸಂದಿನಿಂದ ಒಳಗೆ ತಂದೆ. ಮೊದಲನೆಯ ತಂತಿ ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿ ಕರಗಿತು, ಎರಡನೆಯದು ಉಳಿಯಿತು. ಅಂದು ಸಂಜೆ ತಿಳಿದದ್ದು ಇದು: ಡ್ಯಾಶ್‌ಬೋರ್ಡಿನ ಮುಳ್ಳು 84 ಡಿಗ್ರಿಯಲ್ಲೂ ನಟ್ಟನಡುವೆ ಇತ್ತು, 102 ಡಿಗ್ರಿಯಲ್ಲೂ ನಟ್ಟನಡುವೆಯೇ ಇತ್ತು. ಸಣ್ಣಪುಟ್ಟ ಏರಿಳಿತಕ್ಕೆ ಚಾಲಕ ಗಾಬರಿಯಾಗದಿರಲಿ ಎಂದು ಅನೇಕ ಗಾಡಿಗಳಲ್ಲಿ ಮುಳ್ಳನ್ನು ಹೀಗೆ ನಡುವಿನಲ್ಲಿ ಕಟ್ಟಿಹಾಕಿರುತ್ತಾರೆ. ಅದು ಕದಲುವ ಹೊತ್ತಿಗೆ ಕಾಲ ಮೀರಿರುತ್ತದೆ.

ಎರಡು ಪರೀಕ್ಷೆಗಳನ್ನು ಗೊತ್ತುಮಾಡಿಕೊಂಡೆ. ಒಂದು, ನಿಂತಲ್ಲೇ ಎಸಿ ಹಾಕಿ 30 ನಿಮಿಷ. ಇನ್ನೊಂದು, ಎಸಿ ಇಲ್ಲದೆ ಒಂಬತ್ತು ಕಿಲೋಮೀಟರಿನ ಏರು. ನಿಂತಾಗ ಬಿಸಿಯಾಗಿ ಓಡುವಾಗ ತಣಿದರೆ ದೋಷ ಗಾಳಿಯದು, ಅಂದರೆ ಫ್ಯಾನು ಮತ್ತು ಅದರ ಸುತ್ತಲಿನದು. ನಿಂತಾಗ ಸರಿಯಿದ್ದು ಭಾರ ಬಿದ್ದಾಗ ಬಿಸಿಯಾದರೆ ದೋಷ ನೀರಿನದು, ಅಂದರೆ ರೇಡಿಯೇಟರಿನ ಒಳಗು, ಹೋಸು, ಪಂಪು. ನನ್ನ ಕಾರು ಮೊದಲ ಪರೀಕ್ಷೆಯಲ್ಲಿ 22ನೆಯ ನಿಮಿಷಕ್ಕೆ 107 ಮುಟ್ಟಿ ಸೋತಿತು, ಎರಡನೆಯದರಲ್ಲಿ 110 ಮುಟ್ಟಿ ಸೋತಿತು. ಎರಡೂ ರೋಗಗಳಿದ್ದವು. ಇದು ಗೊತ್ತಿಲ್ಲದೆ ಒಂದಕ್ಕೆ ಮದ್ದು ಮಾಡಿ ಇನ್ನೊಂದರಲ್ಲಿ ಫಲ ಹುಡುಕುತ್ತಿದ್ದೆ.

ಚಳಿಗಾಲದಲ್ಲಿ ಇದೇ ಗಾಡಿ ಒಂದು ಮಾತೂ ಆಡದೆ ಓಡಿದ್ದೇಕೆ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಕೂಲಂಟ್ 90 ಡಿಗ್ರಿ, ಹೊರಗಿನ ಗಾಳಿ 25 ಇದ್ದರೆ ನಡುವಿನ ಅಂತರ 65. ಗಾಳಿ 43 ಆದರೆ ಅಂತರ 47. ರೇಡಿಯೇಟರ್ ಹೊರಹಾಕುವ ಬಿಸಿ ಹೆಚ್ಚುಕಡಿಮೆ ಈ ಅಂತರಕ್ಕೆ ತಕ್ಕಂತೆ ಇರುವುದರಿಂದ, ಏನೂ ಕೆಡದಿದ್ದರೂ ಅದರ ಶಕ್ತಿಯಲ್ಲಿ ಶೇಕಡಾ 28ರಷ್ಟು ಕುಂದುತ್ತದೆ. ಉಳಿದ ಕಾಲದಲ್ಲಿ ಮುಚ್ಚಿಹೋಗುವ ಸಣ್ಣ ದೋಷಗಳೆಲ್ಲ ಬೇಸಿಗೆಯಲ್ಲಿ ಒಟ್ಟಿಗೆ ಮೇಲೆದ್ದು ಬರುತ್ತವೆ.

ದಿನ 6: ಮುಚ್ಚಳ, ಸೋರಿಕೆ, ಹೆಡ್ ಗ್ಯಾಸ್ಕೆಟ್

ಮೊದಲ ದಿನವೇ ಆಗಬೇಕಿದ್ದ ಪರೀಕ್ಷೆ ಸಿಲಿಂಡರ್ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟಿನದು, ಏಕೆಂದರೆ ಅದು ಹೋಗಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ. ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣವೊಂದರ ಮೂಲಕ ಎಳೆಯುತ್ತಾರೆ. ಸುಟ್ಟ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ಹತ್ತು ನಿಮಿಷ ಎಳೆದರೂ ನೀಲಿಯಾಗಿಯೇ ಉಳಿಯಿತು. ಎಣ್ಣೆಯ ಅಳತೆಕಡ್ಡಿಯಲ್ಲಿ ಹಾಲಿನಂಥ ನೊರೆಯೂ ಇರಲಿಲ್ಲ.

ಮುಚ್ಚಳದ ಮೇಲೆ 0.9 ಎಂದಿತ್ತು, ಅಂದರೆ 0.9 ಬಾರ್ ಒತ್ತಡದವರೆಗೆ ಅದು ಹಿಡಿಯಬೇಕು. ಕೈ ಪಂಪಿಗೆ ಹಾಕಿ ನೋಡಿದರೆ 0.4ಕ್ಕೇ ಬಿಟ್ಟುಬಿಟ್ಟಿತು, ರಬ್ಬರು ಉಗುರಿನಿಂದ ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಬರಿಯ ನೀರು 0.9 ಬಾರ್ ಹೆಚ್ಚಿನ ಒತ್ತಡದಲ್ಲಿ ಸುಮಾರು 118 ಡಿಗ್ರಿಗೆ ಕುದಿಯುತ್ತದೆ, 0.4 ಬಾರಿನಲ್ಲಿ ಸುಮಾರು 109ಕ್ಕೆ. ವರ್ಷಗಟ್ಟಲೆ ನೀರನ್ನೇ ಸುರಿದಿದ್ದ ನನ್ನ ಗಾಡಿಯಲ್ಲಿ ಕೂಲಂಟ್ ಹೆಸರಿಗಷ್ಟೇ ಇತ್ತು. ಏರಿನಲ್ಲಿ 110 ಮುಟ್ಟಿದಾಗ ಅದು ಕುದಿದದ್ದರಲ್ಲಿ ಆಶ್ಚರ್ಯವಿಲ್ಲ. ಇಡೀ ದುರಸ್ತಿಯಲ್ಲಿ ಎಲ್ಲಕ್ಕಿಂತ ಅಗ್ಗದ ಬಿಡಿಭಾಗ ಈ ಮುಚ್ಚಳವೇ. ಬಿಸಿಯ ಮೂಲವನ್ನು ಅದು ಸರಿಪಡಿಸಲಿಲ್ಲ, ಆದರೆ ಕುದಿತವನ್ನು ಅಂದಿನಿಂದಲೇ ನಿಲ್ಲಿಸಿತು. ಇನ್ನೂ ಹೆಚ್ಚಿನ ಒತ್ತಡದ ಮುಚ್ಚಳ ಹಾಕುವ ಆಸೆ ಹುಟ್ಟಿತ್ತು. ಹಳೆಯ ಹೋಸು ಮತ್ತು ಹಳೆಯ ಬೆಸುಗೆಗಳ ಮೇಲೆ ಆ ಭಾರ ಹೇರುವುದು ಬೇಡವೆನಿಸಿ, ಇದ್ದ ಅಳತೆಯದನ್ನೇ ಹಾಕಿದೆ.

ಇಡೀ ವ್ಯವಸ್ಥೆಗೆ 0.9 ಬಾರ್ ಒತ್ತಿ 15 ನಿಮಿಷ ಬಿಟ್ಟಾಗ ಒತ್ತಡ 0.7ಕ್ಕೆ ಇಳಿಯಿತು. ಕೆಳಗಿನ ಹೋಸಿನ ಕ್ಲಾಂಪಿನ ಸುತ್ತ ಹಸಿರು ಬಿಳುಪಿನ ಕಿಲುಬು ಕಟ್ಟಿತ್ತು. ಕ್ಲಾಂಪನ್ನು ಇನ್ನಷ್ಟು ಬಿಗಿದೆ, ಅದು ಹೋಸಿನೊಳಗೆ ಇಳಿದು ರಬ್ಬರನ್ನು ಕತ್ತರಿಸಿತು. ಸೋರಿಕೆ ಹನಿಯಿಂದ ಧಾರೆಯಾಯಿತು. ಹಳೆಯ ಹೋಸನ್ನು ಬಿಗಿದು ಉಳಿಸಿಕೊಳ್ಳಲಾಗುವುದಿಲ್ಲ. ಹೊಸದನ್ನು ತರಬೇಕು ಎಂದು ಬರೆದಿಟ್ಟುಕೊಂಡೆ. ವಾಟರ್ ಪಂಪಿನ ಕೆಳಗಿನ ಸೋರುರಂಧ್ರ ಒಣಗಿತ್ತು, ಬೆಲ್ಟು ಹೆಬ್ಬೆರಳಿನ ಒತ್ತಿಗೆ 10 ಮಿಲಿಮೀಟರ್ ತಗ್ಗುತ್ತಿತ್ತು, ಪಂಪನ್ನು ಮುಟ್ಟಲಿಲ್ಲ.

ದಿನ 8 ಮತ್ತು 9: ತಿರುಗುತ್ತಿದ್ದರೂ ದುಡಿಯದ ಫ್ಯಾನು

ನಿಂತಾಗಿನ ರೋಗಕ್ಕೆ ಬಂದೆ. ಫ್ಯಾನು ತಿರುಗುತ್ತಿತ್ತು, ಹೀಗಾಗಿ ಅದರ ಮೇಲೆ ಯಾರಿಗೂ ಸಂಶಯವಿರಲಿಲ್ಲ, ನನಗೂ. ರೇಡಿಯೇಟರಿನ ಮುಂದೆ ಹಾಳೆಯೊಂದನ್ನು ಹಿಡಿದಾಗ ಅದು ಒಳಕ್ಕೆ ಸೆಳೆದು ಅಂಟಿಕೊಳ್ಳಬೇಕು. ಇಲ್ಲಿ ಕೆಳಗೆ ಜಾರಿತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್ ಇತ್ತು, ಫ್ಯಾನಿನ ಮೋಟಾರಿನ ಎರಡು ತುದಿಗಳ ನಡುವೆ 11.2 ಮಾತ್ರ. ಮಧ್ಯೆ 2.7 ವೋಲ್ಟ್ ಎಲ್ಲಿಯೋ ಸೋರಿಹೋಗುತ್ತಿತ್ತು.

ಹುಡುಕುವ ಕ್ರಮ ಹೀಗೆ: ಫ್ಯಾನು ತಿರುಗುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಮೋಟಾರಿನ ಪ್ಲಸ್ಸಿಗೂ ಇಟ್ಟು ನೋಡಬೇಕು, ಆಮೇಲೆ ಮೈನಸ್ ಬದಿಯಲ್ಲಿ ಅದನ್ನೇ ಮಾಡಬೇಕು. ಪ್ಲಸ್ ಬದಿಯಲ್ಲಿ 1.7 ಸಿಕ್ಕಿತು, ಅದರಲ್ಲಿ 1.3 ಮೋಟಾರಿನ ಪ್ಲಾಸ್ಟಿಕ್ ಕನೆಕ್ಟರಿನಲ್ಲೇ; ಬಿಚ್ಚಿದರೆ ಒಳಗಿನ ತಗಡು ಕಂದು ಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್ ಸುಟ್ಟಿತ್ತು. ಮೈನಸ್ ಬದಿಯಲ್ಲಿ 1.0, ಕಾರಿನ ಮೈಗೆ ಅರ್ತ್ ಕೊಡುವ ಬೋಲ್ಟಿನ ಕೆಳಗೆ ತುಕ್ಕಿನ ಹೊಪ್ಪಳ. ಎಂಜಿನ್ ನಿಲ್ಲಿಸಿದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನು ತಾನಾಗಿ ತಿರುಗುವುದುಂಟು, ಆದ್ದರಿಂದ ಕೈ ಹಾಕುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ.

ಇಲ್ಲಿ ಒಂದು ಅಡ್ಡದಾರಿ ಹಿಡಿದೆ. ಹಳೆಯ ವೈರಿಂಗನ್ನೆಲ್ಲ ಬಿಟ್ಟು, ಬ್ಯಾಟರಿಯಿಂದ ನೇರವಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚೊಂದಕ್ಕೆ, ಅಲ್ಲಿಂದ ಫ್ಯಾನಿಗೆ ತಂತಿ ಎಳೆದು ಬೇಕಾದಾಗ ಹಾಕಿಕೊಳ್ಳುವ ಏರ್ಪಾಡು ಮಾಡಿದೆ. ಹತ್ತು ನಿಮಿಷದಲ್ಲಿ ಸ್ವಿಚ್ಚಿನಿಂದ ಸುಟ್ಟ ವಾಸನೆ ಬಂತು. ಫ್ಯಾನು 13 ಆಂಪಿಯರ್ ಎಳೆಯುತ್ತಿತ್ತು, ಸ್ವಿಚ್ಚು ದೀಪಕ್ಕೆಂದು ಮಾಡಿದ್ದು. ಕಿತ್ತು ಹಾಕಿ, ಕ್ರಮವಾಗಿ ಮಾಡಿದೆ: ಹೊಸ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚು), 4 ಚದರ ಮಿಲಿಮೀಟರಿನ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಹೊಸ ಕನೆಕ್ಟರ್, ಅರ್ತ್ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬೋಲ್ಟು ಬಿಗಿದು, ಮೇಲೆ ಗ್ರೀಸು. ಫ್ಯೂಸು ಮೊದಲಿದ್ದ 20 ಆಂಪಿಯರಿನದೇ. ಥರ್ಮೋ ಸ್ವಿಚ್ಚು ಈಗ ರಿಲೇಯನ್ನು ಮಾತ್ರ ಎಳೆಯುತ್ತದೆ, ಫ್ಯಾನಿನ ಭಾರ ಅದರ ಮೇಲಿಲ್ಲ.

ಮೋಟಾರಿನಲ್ಲಿ 13.5 ವೋಲ್ಟ್ ಬಂತು. ಹಾಳೆ ರೇಡಿಯೇಟರಿಗೆ ಅಂಟಿಕೊಂಡಿತು. ನಿಂತ ಪರೀಕ್ಷೆಯಲ್ಲಿ 107 ಇದ್ದದ್ದು 101ಕ್ಕೆ ಇಳಿಯಿತು.

ದಿನ 10: ಬಾನೆಟ್ಟಿನ ಪ್ರಯೋಗ

ಬಾನೆಟ್ಟಿನ ಹಿಂಬದಿಯ ಕೀಲುಗಳ ಕೆಳಗೆ ವಾಷರುಗಳನ್ನಿಟ್ಟು 12 ಮಿಲಿಮೀಟರ್ ಎತ್ತಿದೆ, ಬಿಸಿ ಗಾಳಿ ಹಿಂದಿನಿಂದ ಹೊರಹೋಗಲಿ ಎಂದು. ನಿಂತಾಗ ಬಿಸಿಗಾಳಿ ನಿಜಕ್ಕೂ ಎದ್ದುಹೋಯಿತು. ಏರಿನಲ್ಲಿ ಮತ್ತು ನೇರ ರಸ್ತೆಯಲ್ಲಿ ಉಷ್ಣತೆ 2 ಡಿಗ್ರಿ ಹೆಚ್ಚಾಯಿತು, ಪೆಟ್ರೋಲ್ ವಾಸನೆ ಒಳಗೆ ಬಂತು. ಓಡುವ ಗಾಡಿಯ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು. ಸಂದು ಬಿಟ್ಟರೆ ಅಲ್ಲಿಂದ ಗಾಳಿ ಒಳನುಗ್ಗಿ ರೇಡಿಯೇಟರಿನ ಹಿಂದೆ ತುಂಬಿಕೊಳ್ಳುತ್ತದೆ. ಮರುದಿನವೇ ವಾಷರುಗಳನ್ನು ತೆಗೆದೆ.

ದಿನ 11 ಮತ್ತು 12: ಫಿನ್ನುಗಳು ಮತ್ತು ಸಂದುಗಳು

ರೇಡಿಯೇಟರನ್ನು ಇಳಿಸಿದಾಗ, ಅದಕ್ಕೂ ಮುಂದಿನ ಎಸಿ ಕಂಡೆನ್ಸರಿಗೂ ನಡುವೆ ದೂಳು, ಕೀಟಗಳು ಮತ್ತು ಒಣ ಹುಲ್ಲಿನ ಎಳೆಗಳು ಸೇರಿ ಕಂಬಳಿಯಂಥ ಪದರವಾಗಿತ್ತು. ಮುಂದಿನಿಂದ ನೋಡಿದಾಗ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತಿದ್ದುದರಿಂದ ಇದು ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ.

ಹೆಚ್ಚು ಒತ್ತಡದ ನೀರಿನ ಯಂತ್ರ ಹಿಡಿದು ತೊಳೆಯತೊಡಗಿದೆ. ಅಂಗೈಯಗಲದ ಜಾಗದಲ್ಲಿ ಫಿನ್ನುಗಳು, ಅಂದರೆ ಕೊಳವೆಗಳ ನಡುವಿನ ತೆಳು ತಗಡುಗಳು, ಒಂದರ ಮೇಲೊಂದು ಮಲಗಿ ಗೋಡೆಯಂತಾದವು. ಅವನ್ನು ಒಂದೊಂದಾಗಿ ಎಬ್ಬಿಸಲು ಫಿನ್ ಬಾಚಣಿಗೆ ಮತ್ತು ತೆಳುವಾದ ಇಕ್ಕಳ ಹಿಡಿದು ಎರಡು ಗಂಟೆ ಕೂರಬೇಕಾಯಿತು. ಉಳಿದದ್ದನ್ನು ಸಾಬೂನು ನೀರಿನಲ್ಲಿ ನೆನೆಸಿ, ಸಾಧಾರಣ ನಲ್ಲಿ ಪೈಪಿನಿಂದ, ಎಂಜಿನ್ ಬದಿಯಿಂದ ಹೊರಬದಿಗೆ ತೊಳೆದೆ. ಮುಂದಿನಿಂದ ತೊಳೆದರೆ ಕಸ ಇನ್ನಷ್ಟು ಒಳಕ್ಕೆ ಕೂರುತ್ತದೆ.

ಮರಳಿ ಕೂರಿಸುವಾಗ ಗಮನಿಸಿದ್ದು ಸಂದುಗಳನ್ನು. ಕಾರು ಹೊಸದಿದ್ದಾಗ ರೇಡಿಯೇಟರಿನ ಸುತ್ತ ರಬ್ಬರಿನ ಪಟ್ಟಿಗಳಿದ್ದವು. ಯಾವುದೋ ದುರಸ್ತಿಯಲ್ಲಿ ಕಳೆದುಹೋಗಿ, ಮೇಲೆ ಮತ್ತು ಎರಡೂ ಬದಿಗಳಲ್ಲಿ ಮೂರು ಸೆಂಟಿಮೀಟರಿನಷ್ಟು ತೆರೆದಿತ್ತು. ಗಾಡಿ ನಿಂತಾಗ ಎಂಜಿನ್ ಬದಿಯ ಬಿಸಿಗಾಳಿ ಈ ಸಂದುಗಳಿಂದ ಮುಂದಕ್ಕೆ ಬಂದು, ಫ್ಯಾನು ಅದನ್ನೇ ಮತ್ತೆ ಒಳಕ್ಕೆ ಎಳೆಯುತ್ತದೆ. ಅಳೆದೆ: ಹೊರಗೆ 41 ಇದ್ದಾಗ ರೇಡಿಯೇಟರಿನ ಮುಂದಿನ ಗಾಳಿ 52. ನೀರು ಹೀರದ ದಪ್ಪ ಫೋಮ್ ಪಟ್ಟಿಗಳನ್ನು ಕತ್ತರಿಸಿ ಸಂದುಗಳಿಗೆ ತುರುಕಿ, ಅಂಟು ಮತ್ತು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದೆ. ಅದೇ 41ರಲ್ಲಿ ಈಗ 45. ನಿಂತ ಪರೀಕ್ಷೆ 96ಕ್ಕೆ ಬಂದು ನಿಂತಿತು, ಫ್ಯಾನು ಎರಡು ನಿಮಿಷ ಓಡಿ ಒಂದೂವರೆ ನಿಮಿಷ ಸುಮ್ಮನಿರತೊಡಗಿತು. ನನ್ನ ಇಡೀ ಕೆಲಸದಲ್ಲಿ ಶ್ರಮಕ್ಕೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಫೋಮಿನ ತುಂಡುಗಳೇ; ನನಗೆ ಸಲಹೆ ಕೊಟ್ಟವರಲ್ಲಿ ಒಬ್ಬರೂ ಇದರ ಹೆಸರೆತ್ತಿರಲಿಲ್ಲ.

ದಿನ 13 ರಿಂದ 16: ಏರಿನ ರೋಗ

ಏರಿನಲ್ಲಿ ಇನ್ನೂ 107. ಎಂಜಿನ್ ಕಾದಿರುವಾಗ ರೇಡಿಯೇಟರಿನ ಮೈಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹಾಯಿಸಿದೆ. ಎಡದಲ್ಲಿ ಮತ್ತು ನಡುವೆ 85ರಿಂದ 90. ಬಲಗಡೆಯ ಕಾಲುಭಾಗ ಮಾತ್ರ 55. ಆ ಕೊಳವೆಗಳಲ್ಲಿ ಕೂಲಂಟ್ ಹರಿಯುತ್ತಿರಲಿಲ್ಲ.

ನಿಂಬೆ ಉಪ್ಪು ಎನ್ನುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ 50 ಗ್ರಾಮಿನಂತೆ ನೀರಿನಲ್ಲಿ ಕರಗಿಸಿ ತುಂಬಿ, ಎಂಜಿನ್ನನ್ನು ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿದೆ. ಅಲ್ಯೂಮಿನಿಯಂ ಹೆಡ್ ಇರುವುದರಿಂದ ಅದಕ್ಕಿಂತ ಹೆಚ್ಚು ಬಿಡಲು ಧೈರ್ಯವಾಗಲಿಲ್ಲ. ಹೊರಬಂದದ್ದು ಕೆಮ್ಮಣ್ಣಿನ ಬಣ್ಣದ ರಾಡಿ. ನಾಲ್ಕು ಸಲ ಶುದ್ಧ ನೀರಿನಿಂದ ತೊಳೆದ ಮೇಲೆ ನೀರು ತಿಳಿಯಾಯಿತು. ಬಲಭಾಗ 55ರಿಂದ 62ಕ್ಕೆ ಏರಿತು, ಅಷ್ಟೇ. ಪೂರ್ತಿ ಮುಚ್ಚಿದ ಕೊಳವೆಯೊಳಗೆ ಆಮ್ಲವೂ ಹರಿಯುವುದಿಲ್ಲ ಎಂಬುದು ಮಾಡಿದ ಮೇಲೆ ಹೊಳೆಯಿತು.

ರೇಡಿಯೇಟರನ್ನು ಎರಡನೆಯ ಸಲ ಇಳಿಸಿ ರಾಡಿಂಗಿಗೆ ಕೊಟ್ಟೆ. ತಾಮ್ರದ ರೇಡಿಯೇಟರಿನಲ್ಲಿ ಈ ಒಂದು ಅನುಕೂಲವಿದೆ: ಬೆಸುಗೆ ಕರಗಿಸಿ ಮೇಲಿನ ತೊಟ್ಟಿಯನ್ನು ಬೇರ್ಪಡಿಸಿ, ಪ್ರತಿ ಕೊಳವೆಯೊಳಗೂ ಚಪ್ಪಟೆ ಸಲಾಕೆ ತೂರಿಸಿ ಕಿಟ್ಟವನ್ನು ಕೆರೆದು ತೆಗೆಯಬಹುದು. 46 ಕೊಳವೆಗಳಲ್ಲಿ 13 ಸಂಪೂರ್ಣ ಮುಚ್ಚಿದ್ದವು. ತೊಟ್ಟಿಯ ತಳದಲ್ಲಿದ್ದ ಬಿಳಿಯ ಸುಣ್ಣದ ಪದರವನ್ನು ತೋರಿಸಿ ಆ ಕೆಲಸದವರು, "ಎಷ್ಟು ವರ್ಷದಿಂದ ನಲ್ಲಿ ನೀರು ಹಾಕ್ತಾ ಇದ್ದೀರಿ ಸಾರ್?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಗಡಸು ನೀರಿನಲ್ಲಿರುವ ಸುಣ್ಣ ಬಿಸಿಗೆ ಬೇರ್ಪಟ್ಟು ಕೊಳವೆಯ ಗೋಡೆಗೆ ಹತ್ತಿಕೊಳ್ಳುತ್ತದೆ, ಪ್ರತಿ ಸಲದ ಅರ್ಧ ಲೀಟರಿನಲ್ಲೂ ಒಂದಿಷ್ಟು.

ಎರಡನೆಯ ಕಾರಣ ಸಿಕ್ಕಿದ್ದು ಆಕಸ್ಮಿಕವಾಗಿ. ಸೋರುತ್ತಿದ್ದ ಕೆಳಗಿನ ಹೋಸನ್ನು ಟೇಪು ಸುತ್ತಿ ತಾತ್ಕಾಲಿಕವಾಗಿ ಉಳಿಸಿಕೊಂಡಿದ್ದೆ. ಮನೆಯವರೊಬ್ಬರನ್ನು ಒಳಗೆ ಕೂರಿಸಿ ಎಂಜಿನ್ನನ್ನು 3,500 ಸುತ್ತುಗಳವರೆಗೆ ಏರಿಸಲು ಹೇಳಿ ನಾನು ಬ್ಯಾಟರಿ ದೀಪ ಹಿಡಿದು ನೋಡುತ್ತಿದ್ದಾಗ, ಆ ಹೋಸು ಯಾರೋ ಹಿಸುಕಿದಂತೆ ಚಪ್ಪಟೆಯಾಯಿತು. ವೇಗ ಇಳಿಸಿದೊಡನೆ ಮೊದಲಿನಂತಾಯಿತು. ಪಂಪು ನೀರನ್ನು ಎಳೆದುಕೊಳ್ಳುವ ಬದಿ ಅದು. ಎಳೆತಕ್ಕೆ ಕುಗ್ಗದಿರಲೆಂದು ಒಳಗೆ ಇಟ್ಟಿರುವ ಸ್ಪ್ರಿಂಗು ತುಕ್ಕು ಹಿಡಿದು ತುಂಡಾಗಿತ್ತು. ನಿಂತಲ್ಲಿ, ಕಡಿಮೆ ಸುತ್ತಿನಲ್ಲಿ ಎಷ್ಟು ಪರೀಕ್ಷಿಸಿದರೂ ಈ ದೋಷ ತೋರುವುದಿಲ್ಲ. ಸ್ಪ್ರಿಂಗ್ ಇರುವ ಹೊಸ ಹೋಸನ್ನು ಹಾಕಿ, ಅಂಚು ಮಡಿಸಿದ ಅಗಲ ಕ್ಲಾಂಪುಗಳಿಂದ ಬಿಗಿದೆ. ಮೇಲಿನ ಹೋಸನ್ನೂ ಬದಲಿಸಿದೆ.

ಕೈಯಲ್ಲಿ ಥರ್ಮಾಮೀಟರ್ ಇದ್ದುದರಿಂದ ಚಕ್ರಗಳನ್ನೂ ನೋಡಿದೆ. ಮುಂದಿನ ಒಂದು ಬ್ರೇಕ್ ಡಿಸ್ಕ್ 70 ಇದ್ದರೆ ಇನ್ನೊಂದು 140. ಕ್ಯಾಲಿಪರಿನ ಪಿನ್ನು ಕಚ್ಚಿಕೊಂಡು ಬ್ರೇಕು ಸದಾ ಸವರುತ್ತಿತ್ತು. ಅದನ್ನು ಬಿಡಿಸಿ ಗ್ರೀಸು ಹಚ್ಚಿದೆ. ಎಂಜಿನ್ನಿಗೆ ವೃಥಾ ಭಾರವಾಗಿದ್ದ ಇದರಿಂದ ಎಷ್ಟು ಡಿಗ್ರಿ ಕಡಿಮೆಯಾಯಿತೆಂದು ಬೇರೆಯಾಗಿ ಅಳೆದಿಲ್ಲ.

ದಿನ 17 ಮತ್ತು 18: ಕೂಲಂಟ್ ತುಂಬುವುದು, ಎರಡು ಸಲ

ರೇಡಿಯೇಟರಿನ ಕೆಳತಿರುಪು ತೆಗೆದರೆ 3.9 ಲೀಟರ್ ಮಾತ್ರ ಇಳಿಯುತ್ತದೆ, 1.7 ಲೀಟರ್ ಎಂಜಿನ್ ಬ್ಲಾಕಿನಲ್ಲೇ ಉಳಿಯುತ್ತದೆ. ಈ ಉಳಿಕೆಯನ್ನು ಮರೆತು ಅರ್ಧಕ್ಕರ್ಧ ಬೆರೆಸಿ ಸುರಿದರೆ ಒಳಗಿನ ಪ್ರಮಾಣ ತಪ್ಪುತ್ತದೆ. ಇದನ್ನು ಲೆಕ್ಕಹಾಕಿ ಹೆಮ್ಮೆಪಟ್ಟುಕೊಂಡಿದ್ದ ನಾನು ಅದಕ್ಕಿಂತ ದಡ್ಡತನದ ತಪ್ಪು ಮಾಡಿದೆ: ತಂದಿದ್ದ ಡಬ್ಬ ಮೊದಲೇ ನೀರು ಬೆರೆಸಿದ, ನೇರವಾಗಿ ಸುರಿಯುವ ಬಗೆಯದು, ಅದಕ್ಕೆ ಮತ್ತೆ ನೀರು ಬೆರೆಸಿದೆ. ಕೂಲಂಟಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದಾಗ ಶೇಕಡಾ 24 ಬಂತು. ತುಕ್ಕು ತಡೆಯಲು ಅದು ಸಾಲದು. ಎಲ್ಲವನ್ನೂ ಇಳಿಸಿದೆ.

ಎರಡನೆಯ ಸಲ ಗಟ್ಟಿ ಕೂಲಂಟನ್ನೇ ತಂದು, 5.6 ಲೀಟರಿಗೆ ಶೇಕಡಾ 40ರಂತೆ 2.25 ಲೀಟರನ್ನು ಮೊದಲು ಸುರಿದು, ಉಳಿದದ್ದನ್ನು ಬಟ್ಟಿ ಇಳಿಸಿದ ನೀರಿನಿಂದ ತುಂಬಿದೆ. ಹೆಪ್ಪುಗಟ್ಟುವ ಭಯವಿಲ್ಲದ ಕಡೆ ಇದಕ್ಕಿಂತ ಗಟ್ಟಿ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಗಟ್ಟಿ ಕೂಲಂಟಿನ ಮುಖ್ಯ ವಸ್ತುವಾದ ಗ್ಲೈಕಾಲಿಗಿಂತ ನೀರೇ ಮುಂದು. ಗ್ಲೈಕಾಲು ಕುದಿಯುವ ಬಿಂದುವನ್ನು ಏರಿಸುತ್ತದೆ, ಜೊತೆಗೆ ಬೆರೆಸಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಇಳಿಸಿದ ಹಳೆಯ ಕೂಲಂಟನ್ನು ಮುಚ್ಚಳವಿರುವ ಡಬ್ಬಕ್ಕೆ ತುಂಬಿದೆ. ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ.

ಗಾಳಿ ತೆಗೆಯಲು ಗಾಡಿಯ ಮುಂಭಾಗವನ್ನು 20 ಸೆಂಟಿಮೀಟರ್ ಎತ್ತಿ, ಹೀಟರ್ ತೆರೆದು, ಥರ್ಮೋಸ್ಟಾಟ್ ಕವಚದ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಧಾರೆ ಬರುವವರೆಗೆ ಸುರಿದೆ. ಎಂಜಿನ್ ಓಡಿಸಿ, ಮೇಲಿನ ಹೋಸನ್ನು ಆಗಾಗ ಹಿಸುಕುತ್ತಾ, ಫ್ಯಾನು ಎರಡು ಬಾರಿ ಹತ್ತಿ ಆರುವವರೆಗೆ ಕಾದೆ. ಈ ನಡುವೆ ಇನ್ನೂ 0.7 ಲೀಟರ್ ಇಳಿಯಿತು. ಹೀಟರಿನಿಂದ ಬಿಸಿಗಾಳಿ ಒಂದೇ ಸಮನೆ ಬಂದರೆ ಗಾಳಿ ಹೋಗಿದೆಯೆಂದು ತಿಳಿಯಬಹುದು. ಮರುದಿನ ಬೆಳಗ್ಗೆ ತಣ್ಣಗಿದ್ದಾಗ ಮತ್ತೆ 150 ಮಿಲಿಲೀಟರ್ ಹಿಡಿಯಿತು.

ದಿನ 20 ರಿಂದ 23: ಅಂತಿಮ ಅಳತೆ

ಹೊರಗೆ 42, ಅದೇ ಏರು, ಅದೇ ಗೇರುಗಳು, ಎಸಿ ಇಲ್ಲದೆ: ಅತಿ ಹೆಚ್ಚೆಂದರೆ 98. ಮೇಲೆ ತಲುಪಿ ಎಸಿ ಹಾಕಿ ಇಪ್ಪತ್ತು ನಿಮಿಷ ನಿಂತಾಗ 96. ಎಸಿ ಹಾಕಿಕೊಂಡೇ ಏರಿದರೆ 103 ಆಗುತ್ತದೆ. ಕುದಿಯುವುದಿಲ್ಲ, ಆದರೂ ಅಷ್ಟು ಬೇಡವೆನಿಸಿ ಕಡಿದಾದ ಕೊನೆಯ ಮೂರು ಕಿಲೋಮೀಟರಿಗೆ ಎಸಿ ಆರಿಸುತ್ತೇನೆ. ಇದನ್ನೂ ಇಳಿಸಬೇಕಾದರೆ ಇನ್ನೊಂದು ಸಾಲು ಕೊಳವೆಗಳಿರುವ ರೇಡಿಯೇಟರ್ ಬೇಕಾಗುತ್ತದೆ, ಸದ್ಯಕ್ಕೆ ಆ ಯೋಚನೆಯಿಲ್ಲ.

ಖರ್ಚಿನ ಲೆಕ್ಕ: ಹೊಸ ರೇಡಿಯೇಟರಿನ ಬೆಲೆಯನ್ನು ನೂರು ಎಂದಿಟ್ಟುಕೊಂಡರೆ, ಮುಚ್ಚಳ 3, ರಾಡಿಂಗು 24, ಹೋಸುಗಳು ಮತ್ತು ಕ್ಲಾಂಪುಗಳು 11, ರಿಲೇ ಮತ್ತು ತಂತಿ 7, ಫೋಮು 2, ಕೂಲಂಟ್ 12. ಒಟ್ಟು 59. ಇದಲ್ಲದೆ ನನ್ನ ತಪ್ಪುಗಳಿಗೆ, ಅಂದರೆ ಗ್ಯಾಸ್ಕೆಟ್ಟುಗಳು, ಕರಗಿದ ತಂತಿ, ಸುಟ್ಟ ಸ್ವಿಚ್ಚು ಮತ್ತು ಚೆಲ್ಲಿದ ಕೂಲಂಟಿಗೆ, 15. ಅಳೆಯುವ ಸಲಕರಣೆಗಳನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಉಳಿದ ಕೆಲಸ ಒಂದಿದೆ. ನಡುವಿನಲ್ಲೇ ಕುಳಿತಿರುವ ಮುಳ್ಳಿನ ಪಕ್ಕದಲ್ಲಿ ಅಂಕಿಯಲ್ಲೇ ಉಷ್ಣತೆ ತೋರಿಸುವ ಗೇಜನ್ನು ಕೂರಿಸಿ, 102ಕ್ಕೆ ಸದ್ದು ಮಾಡುವಂತೆ ಹೊಂದಿಸಬೇಕು. ಅದರ ಸೆನ್ಸರನ್ನು ಮೇಲಿನ ಹೋಸಿನಲ್ಲಿ ಇಡುವುದೋ ಹೆಡ್ಡಿನಲ್ಲಿ ಇಡುವುದೋ ಇನ್ನೂ ತೀರ್ಮಾನಿಸಿಲ್ಲ. ಕೂಲಂಟ್ ಸೋರಿಹೋದರೆ ಹೋಸಿನ ಸೆನ್ಸರ್ ಗಾಳಿಯಲ್ಲಿ ಉಳಿದು ತಂಪೆಂದೇ ತೋರಿಸುತ್ತಿರುತ್ತದೆ, ಹೀಗಾಗಿ ಮನಸ್ಸು ಹೆಡ್ಡಿನ ಕಡೆಗಿದೆ. ಅಲ್ಲಿಯವರೆಗೆ ಮಲ್ಟಿಮೀಟರಿನ ತಂತಿ ಬಾನೆಟ್ಟಿನ ಸಂದಿನಲ್ಲೇ ಇದೆ. ರಿಸರ್ವ್ ಟ್ಯಾಂಕಿಗೆ ಬೆಳಗಿನ ತಣ್ಣನೆಯ ಮಟ್ಟದಲ್ಲಿ ಟೇಪಿನ ಗುರುತು ಹಾಕಿದ್ದೇನೆ. ಇಪ್ಪತ್ತಮೂರನೆಯ ದಿನಕ್ಕೂ ಮಟ್ಟ ಆ ಗುರುತಿನಲ್ಲೇ ಇದೆ, ಹಿಂಬದಿಯಲ್ಲಿ ಐದು ಲೀಟರ್ ಬಟ್ಟಿ ನೀರಿನ ಡಬ್ಬ ಸೀಲು ಒಡೆಯದೆ ಕುಳಿತಿದೆ.